ಟೆಂಟಿಗೆ ಹೋಗು ಪುಟ್ಟಿ

ಹೊಸನಗರ ತಾಲ್ಲೂಕು
ಅಕ್ಟೋಬರ್ 12

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನೆ ರಾತ್ರಿ ನಿನ್ನಪ್ಪ ಫೋನ್ ಮಾಡಿದ್ದ. ನಿನ್ನ ಆಫೀಸಿನ ಗೆಳತಿಯರು ಹೊನ್ನೆಮರಡಿನ ಹಿನ್ನೀರಿನ ಹತ್ತಿರ ಟೆಂಟ್ ಹಾಕಿ ಎರಡು ರಾತ್ರಿ ಇರುತ್ತಾರಂತೆ, ನಿನ್ನನ್ನೂ ಕರೆದರಂತೆ, ನೀನು ಕೆಲಸ ಜಾಸ್ತಿ ಇದೆ ಅಂತ ಹೇಳಿ ತಪ್ಪಿಸಿಕೊಂಡೆಯಂತೆ. ನಿನ್ನಪ್ಪ ಅದನ್ನು ನಂಬಿದ್ದಾನೆ. ನಾನು ನಂಬಲಿಲ್ಲ. ಇಪ್ಪತ್ತೈದು ವರ್ಷ ಇದೇ ನೆವ ಹೇಳಿದವಳು ನಾನು.

ನಿನ್ನದು ಎಂಡೋಮೆಟ್ರಿಯೋಸಿಸ್, ಗರ್ಭಕೋಶದ ಒಳಪದರದಂಥದ್ದೇ ಹೊರಗೆ ಬೆಳೆದು ನೋಯಿಸುವ ಕಾಯಿಲೆ. ನನ್ನದು ಮೂತ್ರಕೋಶದ ನೋವು. ಕಾಯಿಲೆ ಬೇರೆ, ಆದರೆ ಕೂರುವ ಕಷ್ಟ, ಜೀಪು ಹತ್ತುವ ಭಯ, ಪದೇ ಪದೇ ಒಂದಕ್ಕೆ ಹೋಗಬೇಕಾದ ಸಂಕೋಚ ಎಲ್ಲ ಒಂದೇ. ನನಗೆ ಹನ್ನೊಂದು ವರ್ಷ ಬರೀ ಉರಿಮೂತ್ರ ಅಂತ ಮಾತ್ರೆ ಕೊಟ್ಟರು. ಪರೀಕ್ಷೆ ಮಾಡಿದಾಗಲೆಲ್ಲ ಸೋಂಕು ಇಲ್ಲ ಅಂತಲೇ ಬರುತ್ತಿತ್ತು, ಮತ್ತೆ ಅದೇ ಮಾತ್ರೆ. ನಿನಗೆ ಬೇಗ ಹೆಸರು ಸಿಕ್ಕಿತು, ಅದೊಂದು ಸಮಾಧಾನ. ಹೆಸರು ಸಿಕ್ಕಿದ ಮೇಲೆ ನೀನು ಮನೆಯೊಳಗೇ ಮುದುಡಿ ಕೂತರೆ ನನಗೆ ಸಹಿಸಲು ಆಗುವುದಿಲ್ಲ.

ಅದಕ್ಕೇ ಈ ಕಾಗದ. ನೀನು ಹೋಗಬೇಕು. ಆದರೆ ನೋವನ್ನು ಮುಚ್ಚಿಟ್ಟುಕೊಂಡು ಹೋಗಬಾರದು. ನಾನು ಹಾಗೆ ಹೋಗಿ ಏನಾಯಿತು ಅಂತ ಹೇಳುತ್ತೇನೆ.

ಆಗ ನನಗೆ 36. ಊರಿನ ಎಂಟು ಹತ್ತು ಮಂದಿ ಕೊಡಚಾದ್ರಿಗೆ ಹೊರಟಿದ್ದೆವು. ನಿಟ್ಟೂರು ದಾಟಿದ ಮೇಲೆ ಜೀಪಿನ ದಾರಿ ಹೇಗಿರುತ್ತದೆ ಅಂತ ನಿನಗೆ ಗೊತ್ತಲ್ಲ, ಹಳ್ಳದ ಕಲ್ಲಿನ ಮೇಲೆ ಹೋದ ಹಾಗೆ. ದಾರಿಯಲ್ಲಿ ನಿಲ್ಲಿಸಿ ಅಂತ ಗಂಡಸರ ಎದುರು ಕೇಳುವುದು ಹೇಗೆ ಅಂತ ಬೆಳಗ್ಗೆಯಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ. ಆದರೂ ಅರ್ಧ ದಾರಿಗೆ ಹೋಗಲೇಬೇಕು ಅನ್ನಿಸಿತು. ತಡೆದುಕೊಂಡೆ. ಒಂದೊಂದು ಗುಂಡಿಗೆ ಜೀಪು ಹಾರಿದಾಗಲೂ ಕಿಬ್ಬೊಟ್ಟೆಯಲ್ಲಿ ಕತ್ತಿ ಆಡಿಸಿದ ಹಾಗೆ. 1343 ಮೀಟರ್ ಎತ್ತರದ ಬೆಟ್ಟ, ಎಲ್ಲರೂ ಸರ್ವಜ್ಞ ಪೀಠದ ಹತ್ತಿರ ಸೂರ್ಯ ಮುಳುಗುವುದನ್ನು ನೋಡುತ್ತಿದ್ದರು. ನಾನು ಕೆಳಗೆ ಜೀಪಿನ ಹಿಂದಿನ ಸೀಟಿನಲ್ಲಿ ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದ್ದೆ. ತಲೆನೋವು ಅಂತ ಹೇಳಿದ್ದೆ. ಮನೆಗೆ ಬಂದ ಮೇಲೆ ಮೂರು ದಿನ ಏಳಲಿಲ್ಲ.

ಆಮೇಲೆ ಗೊತ್ತಾಯಿತು, ಅವತ್ತು ನಾನು ಮಾಡಿದ್ದೆಲ್ಲ ತಲೆಕೆಳಗೆ. ನೀರು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗುತ್ತದೆ, ಮೊದಲೇ ಕೆರಳಿದ ಮೂತ್ರಕೋಶಕ್ಕೆ ಇನ್ನೂ ಉರಿ. ಇನ್ನೊಂದು ವಿಷಯ ನನಗೆ ಹೇಳಿಕೊಟ್ಟಿದ್ದು ಫಿಸಿಯೋಥೆರಪಿಯ ಹುಡುಗಿ. ಕಿಬ್ಬೊಟ್ಟೆಯ ತಳದಲ್ಲಿ ಜೋಲಿಯ ಹಾಗೆ ಹರಡಿರುವ ಸ್ನಾಯುಗಳಿವೆ. ವರ್ಷಗಟ್ಟಲೆ ನೋವು ತಿಂದವರಲ್ಲಿ ಅವು ಮುಷ್ಟಿ ಹಿಡಿದ ಹಾಗೆ ಬಿಗಿದುಕೊಂಡೇ ಇರುತ್ತವೆ. ತಡೆದುಕೊಂಡಷ್ಟೂ ಬಿಗಿತ ಜಾಸ್ತಿ, ಬಿಗಿತ ಜಾಸ್ತಿಯಾದಷ್ಟೂ ನೋವು ಜಾಸ್ತಿ. ಯಾರಾದರೂ ಆ ಸ್ನಾಯು ಬಿಗಿ ಹಿಡಿಯುವ ವ್ಯಾಯಾಮ ಮಾಡು ಅಂದರೆ ನಿನ್ನ ಡಾಕ್ಟರನ್ನು ಕೇಳದೆ ಮಾಡಬೇಡ. ನಮ್ಮಂಥ ಎಷ್ಟೋ ಜನರಿಗೆ ಬೇಕಾಗಿರುವುದು ಸಡಿಲ ಬಿಡುವುದು.

ಈಗ ಹಿನ್ನೀರಿನ ವಿಷಯಕ್ಕೆ ಬರುತ್ತೇನೆ.

ಮೊದಲ ಕೆಲಸ, ಒಬ್ಬಳಿಗೆ ಹೇಳು. ಎಲ್ಲರಿಗೂ ಬೇಡ, ನಿನ್ನ ಪಕ್ಕ ಮಲಗುವವಳಿಗೆ ಸಾಕು. "ನನಗೆ ಕಿಬ್ಬೊಟ್ಟೆ ನೋವಿನ ಕಾಯಿಲೆ ಇದೆ, ಗಂಟೆಗೊಮ್ಮೆ ಗಾಡಿ ನಿಲ್ಲಿಸಬೇಕು, ರಾತ್ರಿ ನಾನು ಎದ್ದರೆ ಗಾಬರಿ ಆಗಬೇಡ" ಇಷ್ಟೇ ಮಾತು. ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ನಿನ್ನ ಕಾಯಿಲೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಿಮ್ಮ ಗುಂಪಿನಲ್ಲೇ ಇನ್ನೊಬ್ಬಳು ಸುಮ್ನೆ ಹಲ್ಲು ಕಚ್ಚಿಕೊಂಡು ಇರಬಹುದು, ಅಲ್ವಾ?

ಮುಟ್ಟಿನ ದಿನ ಬಿಟ್ಟು ತಾರೀಖು ಹಾಕಿಸು. ಗಾಡಿಯಲ್ಲಿ ಮುಂದಿನ ಸೀಟು ಕೇಳಿಕೋ, ಹಿಂದೆ ಕುಲುಕಾಟ ಜಾಸ್ತಿ. ದಪ್ಪ ಟವೆಲ್ಲನ್ನು ಎರಡು ಸುರುಳಿ ಮಾಡಿ ಎರಡೂ ತೊಡೆಯ ಕೆಳಗೆ ಇಟ್ಟುಕೊಂಡರೆ ನಡುವಿನ ಜಾಗಕ್ಕೆ ಒತ್ತಡ ಬೀಳುವುದಿಲ್ಲ. ಜೀನ್ಸ್ ಬೇಡ. ಸಡಿಲವಾದ ಕಾಟನ್ ಪ್ಯಾಂಟು, ಸೊಂಟದಲ್ಲಿ ಲಾಡಿ ಇರುವಂಥದ್ದು. ಭಾರದ ಬ್ಯಾಗು ಹೊರಬೇಡ. ಬೆನ್ನಿನ ಬ್ಯಾಗಿಗೆ ಸೊಂಟದ ಪಟ್ಟಿ ಇರುತ್ತದಲ್ಲ, ಅದು ಸರಿಯಾಗಿ ನೋವಿನ ಜಾಗಕ್ಕೇ ಒತ್ತುತ್ತದೆ.

ಟೆಂಟ್ ಎಲ್ಲಿ ಹಾಕುತ್ತಾರೆ ಅನ್ನುವುದರಲ್ಲಿ ಬಾಯಿ ಬಿಟ್ಟು ಕೇಳು. ನೀರಿನ ಅಂಚು ಚೆಂದ ಕಾಣುತ್ತದೆ, ಆದರೆ ರಾತ್ರಿ ಅಲ್ಲೇ ಥಂಡಿ ಜಾಸ್ತಿ. ಶೌಚಾಲಯಕ್ಕೆ ಹತ್ತಿರ, ಸಪಾಟಾದ ಜಾಗ ನಿನಗೆ. ಅಲ್ಲಿಗೂ ಕತ್ತಲಲ್ಲಿ ಹೋಗುವುದು ಕಷ್ಟ ಅನ್ನಿಸಿದರೆ ನಾನು ಮಾಡುವುದನ್ನು ಮಾಡು. ಬಿಗಿ ಮುಚ್ಚಳದ ಒಂದು ಸಣ್ಣ ಬಕೆಟ್ಟು, ಪೇಂಟಿನ ಖಾಲಿ ಬಕೆಟ್ಟು ಆದರೂ ಆಗುತ್ತದೆ, ತೊಳೆದು ತಗೊಂಡು ಹೋಗು. ತಳಕ್ಕೆ ಒಂದು ಹಿಡಿ ಮರದ ಹೊಟ್ಟು ಹಾಕಿದರೆ ಸದ್ದೂ ಇಲ್ಲ, ವಾಸನೆಯೂ ಇಲ್ಲ. ಬೆಳಗ್ಗೆ ಶೌಚಾಲಯಕ್ಕೆ ಸುರಿ, ಹಿನ್ನೀರಿಗೆ ಮಾತ್ರ ಬೇಡ. ಇದರಲ್ಲಿ ನಾಚಿಕೆ ಏನೂ ಇಲ್ಲ. ನಮ್ಮಜ್ಜಿ ಕಾಲದಲ್ಲಿ ಮಳೆಗಾಲದ ರಾತ್ರಿ ಬಾಣಂತಿಯರ ಕೋಣೆಯಲ್ಲಿ ಮಡಿಕೆ ಇಡುತ್ತಿದ್ದರು. ಎಲ್ಲಿ ಹೋದರೂ ಅರ್ಧ ಬಗ್ಗಿ, ಅರ್ಧ ನಿಂತು ಮಾಡಬೇಡ. ಕಾಲು ಬಿಗಿದಿದ್ದರೆ ಒಳಗಿನ ಸ್ನಾಯು ಬಿಡುವುದಿಲ್ಲ, ಪೂರ್ತಿ ಖಾಲಿಯಾಗುವುದಿಲ್ಲ, ಹತ್ತು ನಿಮಿಷಕ್ಕೆ ಮತ್ತೆ ಬರುತ್ತದೆ. ಪೂರ್ತಿ ಕುಕ್ಕರಗಾಲಲ್ಲಿ ಕೂರು, ಇಲ್ಲವೇ ಬಕೆಟ್ಟಿನ ಮೇಲೆ ಪೂರ್ತಿ ಕೂರು. ಅವಸರ ಬೇಡ.

ಶಾಖ. ಇದರ ಬಗ್ಗೆ ನಾನು ಎಷ್ಟು ಬರೆದರೂ ಕಡಿಮೆ. ಹಿನ್ನೀರಿನ ಹತ್ತಿರ ಹಗಲು ಬೆವರು, ಮುಂಜಾವು ಮಂಜು. ಆ ಥಂಡಿಗೆ ಮೈಯೆಲ್ಲ ಮುದುಡಿ, ಒಳಗೂ ಬಿಗಿಯುತ್ತದೆ. ಒಂದು ರಬ್ಬರ್ ಬ್ಯಾಗು, ಒಂದು ಲೀಟರಿನ ಒಳ್ಳೆ ಫ್ಲಾಸ್ಕು, ಇವೆರಡು ಇಲ್ಲದೆ ಮನೆ ಬಿಡಬೇಡ. ಮಲಗುವ ಮುಂಚೆ ಅಡುಗೆ ಒಲೆಯಲ್ಲೇ ನೀರು ಕುದಿಸಿ ಫ್ಲಾಸ್ಕು ತುಂಬಿಸಿಡು. ಬ್ಯಾಗಿಗೆ ಮಾತ್ರ ಕುದಿಯುವ ನೀರು ಹಾಕಬೇಡ, ಸ್ವಲ್ಪ ತಣ್ಣೀರು ಬೆರೆಸು, ಮುಕ್ಕಾಲು ಮಾತ್ರ ತುಂಬಿಸು, ಗಾಳಿ ಒತ್ತಿ ತೆಗೆದು ಮುಚ್ಚಳ ತಿರುಗಿಸು. ಅದನ್ನು ಹಳೇ ಸೀರೆಯ ತುಂಡಿನಲ್ಲಿ ಎರಡು ಸುತ್ತು ಸುತ್ತಿ ಕಿಬ್ಬೊಟ್ಟೆ ಮೇಲೆ ಇಟ್ಟುಕೋ. ಬರಿ ಮೈಗೆ ಇಟ್ಟುಕೊಂಡು ನಿದ್ದೆ ಹೋಗಬೇಡ, ನನಗೆ ಸುಟ್ಟ ಕಲೆ ಇನ್ನೂ ಇದೆ. ರಾತ್ರಿ ಎರಡೂವರೆ ಮೂರಕ್ಕೆ ಬ್ಯಾಗು ತಣ್ಣಗಾಗಿ ಎಚ್ಚರ ಆಗುತ್ತದೆ. ಆಗ ಫ್ಲಾಸ್ಕಿನ ನೀರು ಬೇಕಾಗುವುದು. ನಾನು ಕತ್ತಲಲ್ಲೇ ಕೈಯಂದಾಜಿಗೆ ತುಂಬಿಸುತ್ತೇನೆ, ಬ್ಯಾಗಿನ ಬಾಯಿಗೆ ನೀರು ಗುಳುಗುಳು ಅಂತ ಇಳಿಯುವ ಸದ್ದು ಕೇಳಿದರೇ ಅರ್ಧ ನೋವು ಹೋದ ಹಾಗೆ. ನೀನು ಟಾರ್ಚ್ ಹಾಕಿಕೋ.

ಹಾಸಿಗೆಗೆ ಒಂದು ಚಾಪೆ ಸಾಲದು. ನೆಲದ ಥಂಡಿ ಕೆಳಗಿಂದ ಏರುತ್ತದೆ. ಫೋಮ್ ಶೀಟು, ಅದರ ಮೇಲೆ ಗಾಳಿ ತುಂಬುವ ಹಾಸಿಗೆ, ಅದರ ಮೇಲೆ ಕಂಬಳಿ. ಮಗ್ಗುಲಾಗಿ ಮಲಗಿ ಮೊಣಕಾಲ ನಡುವೆ ದಿಂಬು. ನಿದ್ದೆ ಬಾರದಿದ್ದರೆ ಅಂಗಾತ ಮಲಗಿ ಮೀನಖಂಡವನ್ನು ಬಟ್ಟೆಯ ಬ್ಯಾಗಿನ ಮೇಲೆ ಎತ್ತಿಟ್ಟು, ಹೊಟ್ಟೆ ಉಬ್ಬುವ ಹಾಗೆ ನಿಧಾನಕ್ಕೆ ಉಸಿರು ತಗೋ. ಉಸಿರು ಒಳಗೆ ಹೋದಾಗ ಆ ತಳದ ಸ್ನಾಯು ಕೆಳಗೆ ಇಳಿಯುತ್ತದೆ, ಸಡಿಲ ಆಗುತ್ತದೆ.

ಊಟಕ್ಕೆ ನನ್ನ ಪಟ್ಟಿ ನಿನಗೆ ಹೊಂದಬೇಕೆಂದಿಲ್ಲ. ನನಗೆ ಕಾಫಿ, ಟೊಮೆಟೊ, ಹುಣಸೆಹುಳಿ, ಸೋಡಾ ಆಗುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಬಿಟ್ಟು ಹದಿನೈದು ವರ್ಷ ಆಯಿತು, ಮಲೆನಾಡಿನಲ್ಲಿ ಹುಟ್ಟಿದವಳಿಗೆ ಅದು ಸಣ್ಣ ತ್ಯಾಗ ಅಲ್ಲ. ಯಾವುದು ಕೆರಳಿಸುತ್ತದೆ ಅಂತ ಹೋಗುವ ಮುಂಚೆ ಎರಡು ವಾರ ಬರೆದಿಟ್ಟು ನೋಡು. ಗಂಜಿ, ಬಾರ್ಲಿ ನೀರು, ಜೀರಿಗೆ ಕಷಾಯ ನನ್ನನ್ನು ಕಾಪಾಡಿವೆ. ನೀರನ್ನು ಗುಟುಕು ಗುಟುಕಾಗಿ ದಿನವಿಡೀ ಕುಡಿ, ಮಲಗುವ ಎರಡು ಗಂಟೆ ಮುಂಚೆ ಕಡಿಮೆ ಮಾಡು. ಮಲಬದ್ಧತೆ ಆಗದ ಹಾಗೆ ನೋಡಿಕೋ, ಪ್ರಯಾಣದಲ್ಲಿ ಎಲ್ಲರಿಗೂ ಆಗುತ್ತದೆ, ನಮಗೆ ಅದರಿಂದ ನೋವು ದುಪ್ಪಟ್ಟು. ನೋವಿನ ಮಾತ್ರೆ ಹೊಟ್ಟೆಗೆ ಏನಾದರೂ ಬಿದ್ದ ಮೇಲೆ, ಡಾಕ್ಟರ್ ಹೇಳಿದಷ್ಟೇ. ಹೊಸ ಮಾತ್ರೆಯನ್ನು ಮೊದಲ ಸಲ ಟೆಂಟಿನಲ್ಲಿ ನುಂಗಬೇಡ.

ನಮ್ಮ ಕಡೆಯ ಒಂದು ಮಾತು ಹೇಳಲೇಬೇಕು. ಉಂಬಳದ, ಅಂದರೆ ಜಿಗಣೆಯ ಕಾಟ ಮಳೆ ನಿಂತ ಮೇಲೆ ಕಡಿಮೆ, ಆದರೆ ಚಳಿ ಶುರುವಾದ ಮೇಲೆ ಬೇಸಿಗೆ ಮುಗಿಯುವವರೆಗೆ ಉಣುಗಿನ ಕಾಲ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ. ತರಗೆಲೆ ಮೇಲೆ ಕೂರಬೇಡ, ಉದ್ದ ತೋಳು, ಉದ್ದ ಪ್ಯಾಂಟು ಹಾಕು, ಸಂಜೆ ಮೈಯೆಲ್ಲ ನೋಡಿಕೋ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡ. ಬಂದ ಮೇಲೆ ಒಮ್ಮೆಗೇ ಜ್ವರ ಏರಿ ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳು. ನಮಗೆ ನೋವು ಅಭ್ಯಾಸ ಆಗಿಬಿಟ್ಟಿರುತ್ತದೆ, ಇದೂ ಅದೇ ಅಂತ ಸುಮ್ಮನಿದ್ದುಬಿಡುತ್ತೇವೆ. ಹಾಗೇ ಚಳಿಜ್ವರ ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಬರದೇ ಹೋದರೆ, ಇದ್ದಕ್ಕಿದ್ದಂತೆ ಹಿಂದೆಂದೂ ಇಲ್ಲದಂಥ ನೋವು ಬಂದು ತಲೆ ಸುತ್ತಿದರೆ, ರಾತ್ರಿಯಾದರೂ ಸರಿ, ಎಬ್ಬಿಸಿ ಆಸ್ಪತ್ರೆಗೆ ಹೋಗು. ಅಲ್ಲಿಂದ ಸಾಗರ ಪೇಟೆಗೆ ಹೋಗಲು ಗಾಡಿ ಯಾರದು, ಓಡಿಸುವವರು ಯಾರು ಅಂತ ಮೊದಲ ಸಂಜೆಯೇ ಕೇಳಿಟ್ಟುಕೋ.

ಇಷ್ಟೆಲ್ಲ ಕಟ್ಟಿಕೊಂಡು ಯಾಕೆ ಹೋಗಬೇಕು ಅಂತ ನೀನು ಕೇಳಬಹುದು. ನಿನ್ನ ಮುತ್ತಜ್ಜಿಯ ತವರು ಆ ನೀರಿನ ಕೆಳಗಿದೆ ಪುಟ್ಟಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮನೆ, ತೋಟ ಎಲ್ಲ ಮುಳುಗಿತು. ಅಜ್ಜಿ ನನ್ನನ್ನು ಒಂದು ಸಲ ದಡಕ್ಕೆ ಕರೆದುಕೊಂಡು ಹೋಗಿ, "ಅಗೋ ಅಲ್ಲಿ ನಮ್ಮ ಬಾವಿ" ಅಂತ ಬರೀ ನೀರನ್ನು ತೋರಿಸಿದ್ದಳು. ಆ ನೀರಿನ ಹತ್ತಿರ ಒಂದು ರಾತ್ರಿ ಮಲಗಬೇಕು ಅಂತ ನನಗೆ ಆಸೆ ಇತ್ತು. ನಾಚಿಕೆಗೆ, ಭಯಕ್ಕೆ ಮುಂದೂಡುತ್ತ ಬಂದೆ. ಕೊನೆಗೆ 52ನೇ ವಯಸ್ಸಿಗೆ ಹೋದೆ, ನಿನ್ನ ಮಾವ ಫ್ಲಾಸ್ಕು ಹೊತ್ತುಕೊಂಡು ಬಂದರು. ಆ ರಾತ್ರಿಯೂ ನೋವು ಇತ್ತು. ಎರಡು ಸಲ ಎದ್ದೆ. ಎರಡನೇ ಸಲ ಎದ್ದಾಗ ನೀರಿನ ಮೇಲೆ ಮಂಜು ಮೊಣಕಾಲೆತ್ತರಕ್ಕೆ ನಿಂತಿತ್ತು, ಮೇಲೆ ಚುಕ್ಕಿ. ನೋವು ಇಲ್ಲದವರೆಲ್ಲ ಮಲಗಿದ್ದರು, ಅದನ್ನು ನೋಡಿದವಳು ನಾನೊಬ್ಬಳೇ.

ಎರಡನೇ ದಿನ ಆಗುವುದಿಲ್ಲ ಅನ್ನಿಸಿದರೆ ಅರ್ಧಕ್ಕೇ ಹೊರಡು. ನನಗೊಂದು ಫೋನ್ ಮಾಡು, ನಿನ್ನ ಮಾವ ಕಾರು ತರುತ್ತಾರೆ. ಬಚ್ಚಲ ಹಂಡೆಯಲ್ಲಿ ನೀರು ಕಾದಿರುತ್ತದೆ. ಹೇಗೂ ಈಗ ಅಡಿಕೆ ಕೊಯ್ಲು ಶುರುವಾಗುತ್ತದೆ, ನಾವು ಎಲ್ಲಿಗೂ ಹೋಗುವುದಿಲ್ಲ.

ರಬ್ಬರ್ ಬ್ಯಾಗು ಹೊಸದು ತಂದಿಟ್ಟಿದ್ದೇನೆ. ಸುತ್ತಲು ನನ್ನ ಹಸಿರು ಸೀರೆಯ ತುಂಡು ಒಗೆದು ಜೊತೆಗೆ ಇಟ್ಟಿದ್ದೇನೆ. ಶುಕ್ರವಾರ ಬೆಳಗಿನ ಶಿವಮೊಗ್ಗದ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ, ನಿನ್ನಪ್ಪನಿಗೆ ಬಸ್‌ಸ್ಟ್ಯಾಂಡಿಗೆ ಬರಲು ಹೇಳು.

ಇಂತಿ ನಿನ್ನ ಪ್ರೀತಿಯ
ಅತ್ತೆ