ಹಗ್ಗ ಹಿಡಿದವರಿಗೂ ಧೈರ್ಯ ಬರುತ್ತದೆ

ಮಾನ್ಯರೇ,

ಚಳಿಗಾಲದಲ್ಲಿ ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆ ಏರಲು ವಿದ್ಯಾರ್ಥಿಗಳು ಬರುತ್ತಾರೆ. ಅರ್ಧಕ್ಕೆ ಹೋಗಿ ಹೆದರಿ ನಿಂತವರಿಗೆ ಕೆಳಗಿನಿಂದ ‘ಏ, ಹೆದರಬ್ಯಾಡ, ಏರು’ ಎಂದು ಕೂಗಿ ಉಪಯೋಗವಿಲ್ಲ. ಹೆದರಿದವರು ಮೊಣಕೈ ಮಡಚಿ ಕಲ್ಲನ್ನು ಬಿಗಿಯಾಗಿ ಹಿಡಿಯುತ್ತಾರೆ. ಮುಂಗೈ ಸೋಲುತ್ತದೆ, ಹಿಮ್ಮಡಿ ಮೇಲೆದ್ದು ಕಾಲು ಹೊಲಿಗೆ ಯಂತ್ರದಂತೆ ನಡುಗುತ್ತದೆ. ಆಗ ಬೇಕಾದದ್ದು ಖಚಿತ ಮಾತು: ‘ಹಿಮ್ಮಡಿ ಇಳಸು, ಕೈ ನೆಟ್ಟಗ ಮಾಡು, ಉಸಿರು ಬಿಡು, ಬಲಕ್ಕ ಮೊಣಕಾಲ ಮಟ್ಟಕ್ಕ ಒಂದು ಅಂಚು ಐತಿ.’

ಇದನ್ನು ಹೇಳಬೇಕಾದವರು ಕೆಳಗೆ ಹಗ್ಗ ಹಿಡಿದ ಜೊತೆಗಾರರು. ಅವರಿಗೂ ಎತ್ತರದ ಭಯವಿರಬಹುದು. ಆದರೆ ಗೆಳೆಯನ ಕಾಲು ಎಲ್ಲಿದೆ, ಹಗ್ಗ ಎಷ್ಟು ಸಡಿಲವಾಗಿದೆ ಎಂದು ನೋಡುತ್ತ ನಿಂತಾಗ ಬಂಡೆಯ ಪರಿಚಯವಾಗುತ್ತದೆ, ಹಗ್ಗ ಭಾರ ತಡೆಯುವುದು ಕೈಗೇ ತಿಳಿಯುತ್ತದೆ. ತಮ್ಮ ಸರದಿ ಬಂದಾಗ ಅಳುಕು ಅರ್ಧ ಇಳಿದಿರುತ್ತದೆ.

ಶಿಕ್ಷಕರಲ್ಲಿ ವಿನಂತಿ: ಅನುಭವಿ ತರಬೇತುದಾರರ ಎದುರಿಗೇ ಮಕ್ಕಳನ್ನು ಜೋಡಿ ಮಾಡಿ. ಸೊಂಟಪಟ್ಟಿಯ ಬಕಲ್, ಎಂಟರ ಆಕಾರದ ಗಂಟು, ಕ್ಯಾರಾಬಿನರ್ (ಹಗ್ಗ ಸಿಕ್ಕಿಸುವ ಲೋಹದ ಕೊಂಡಿ) ಲಾಕ್, ಹೆಲ್ಮೆಟ್ ಇವನ್ನು ಒಬ್ಬರದನ್ನೊಬ್ಬರು ಮುಟ್ಟಿ ನೋಡಲಿ. ಕೆಳಗಿನ ಜೊತೆಗಾರರ ಕಡೆಯ ಹಗ್ಗದ ತುದಿಗೆ ಗಂಟಿಲ್ಲದಿದ್ದರೆ, ಇಳಿಸುವಾಗ ಹಗ್ಗ ಸಾಲದೆ ಬಂದರೆ ಅದು ಕೈಯಿಂದ ಜಾರಿಹೋಗುತ್ತದೆ. ಮೊದಲ ಸಲ ಮೇಲಿನಿಂದ ಬಿಟ್ಟ ಹಗ್ಗದಲ್ಲಿ ಐದಾರು ಅಡಿ ಏರಿಸಿ, ಅಲ್ಲೇ ಹಗ್ಗದ ಮೇಲೆ ಕೂರಿಸಿ ಇಳಿಸಿ. ಭಾರ ಬಿದ್ದಾಗ ಹಗ್ಗ ಹಿಗ್ಗುತ್ತದೆ; ನೆಲದ ಹತ್ತಿರ ಸಡಿಲ ಬಿಡಬಾರದು. ಕೆಳಗಿನ ಜೊತೆಗಾರರ ತಡೆಯುವ ಕೈ ಯಾವ ಕಾರಣಕ್ಕೂ ಹಗ್ಗ ಬಿಡಕೂಡದು.

‘ಇಳಸು’ ಎಂದವರನ್ನು ಕೂಡಲೇ ಇಳಿಸಿ, ನಗಬೇಡಿ. ಮಳೆ ನೆನೆದ ಮರಳುಗಲ್ಲು ಮುರಿಯುತ್ತದೆ, ಪೂರ್ತಿ ಒಣಗುವವರೆಗೆ ಯಾರನ್ನೂ ಏರಿಸಬೇಡಿ.

– ಶಿಲಾರೋಹಣ ತರಬೇತುದಾರರು, ಬಾದಾಮಿ