‘ಆರಾಮಾಗಿ ಕೂರುತ್ತೆ’ ಎಂದಿರಿ, ಕೂರಲಿಲ್ಲ: ಚಳಿಗಾಲದ ಚಕ್ರಗಳ ಬಗ್ಗೆ ಒಂದು ದೂರು

ಮ್ಯೂನಿಕ್
ನವೆಂಬರ್ 25

ಇವರಿಗೆ,
ಮಾಲೀಕರು
ಟೈರು ಮತ್ತು ಚಕ್ರಗಳ ವರ್ಕ್‌ಶಾಪ್

ವಿಷಯ: ಹಳೇ ಕಾರಿನ ಚಳಿಗಾಲದ ಚಕ್ರಗಳು ಹೊಸ ಕಾರಿಗೆ ಆಗುತ್ತವೆ ಎಂದು ತಪ್ಪಾಗಿ ಹೇಳಿ ಹಣ ಪಡೆದಿರುವ ಬಗ್ಗೆ

ಮಾನ್ಯರೇ,

ಇದೇ ದೂರಿನ ಜರ್ಮನ್ ಪ್ರತಿಯನ್ನು ನಿಮ್ಮ ಕೌಂಟರಿನಲ್ಲಿ ಕೊಟ್ಟು ಬಂದಿದ್ದೇನೆ. ನೀವು ದಾವಣಗೆರೆ ಕಡೆಯವರು, ಆರು ವರ್ಷದಿಂದ ನಾವು ಕನ್ನಡದಲ್ಲೇ ವ್ಯವಹಾರ ಮಾಡಿಕೊಂಡು ಬಂದವರು. ಸಿಟ್ಟನ್ನೂ ಕನ್ನಡದಲ್ಲೇ ಹೇಳಿಬಿಡೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಆಗಸ್ಟ್ ಕೊನೆಗೆ ನಾನು 2013ರ ಬಿಎಂಡಬ್ಲ್ಯು 3 ಸೀರೀಸ್, ಅಂದರೆ ಎಫ್30, ಮಾರಿ ಅದರದೇ ಮುಂದಿನ ಪೀಳಿಗೆಯ 2020ರ ಜಿ20 ಕೊಂಡೆ. ಹಳೇ ಗಾಡಿಯ ಚಳಿಗಾಲದ ನಾಲ್ಕು ಚಕ್ರಗಳು, ಅಂದರೆ ಹಿಮದ ಟೈರು ಹಾಕಿಟ್ಟ ಲೋಹದ ರಿಮ್ಮುಗಳು, ನಿಮ್ಮ ಗೋದಾಮಿನಲ್ಲೇ ಇದ್ದವು. ಟೈರುಗಳ ಮೇಲಿನ ಡಾಟ್ ಸಂಖ್ಯೆ 3822, ಅಂದರೆ 2022ರ 38ನೇ ವಾರದ ಮಾಲು. ಗೀರಿನ ಆಳ ಇನ್ನೂ ಆರೂವರೆ ಮಿಲಿಮೀಟರ್ ಇದೆ. ಕಾನೂನಿಗೆ 1.6 ಇದ್ದರೆ ಸಾಕು, 4ಕ್ಕಿಂತ ಕಡಿಮೆಯಾದರೆ ಬದಲಿಸಿ ಅನ್ನೋದು ಇಲ್ಲಿನವರ ರೂಢಿ. ಆ ಲೆಕ್ಕದಲ್ಲಿ ಒಳ್ಳೇ ಟೈರುಗಳೇ. ಹಳೇ ಗಾಡಿ ಕೊಂಡವರು ಈ ಚಕ್ರಗಳಿಗೆ 250 ಯೂರೋ ಜಾಸ್ತಿ ಕೊಡಲು ತಯಾರಿದ್ದರು.

ಹೂಂ ಅನ್ನುವ ಮೊದಲು ನಿಮ್ಮನ್ನು ಕೇಳಿದೆ. ಸುಮ್ನೆ ಬಾಯಿಮಾತಿನಲ್ಲಲ್ಲ. ಹೊಸ ಗಾಡಿಯ ನೋಂದಣಿ ಪತ್ರದ ಫೋಟೋ ಕಳಿಸಿದೆ. ಚಕ್ರಗಳಂತೂ ನಿಮ್ಮ ಕೈಯಲ್ಲೇ ಇದ್ದವು. ಸೆಪ್ಟೆಂಬರ್ 3ಕ್ಕೆ ವಾಟ್ಸಾಪಿನಲ್ಲಿ ಟೈರಿನ ಅಳತೆ ಸಮೇತ ನಿಮ್ಮ ಉತ್ತರ ಬಂತು: ‘ಎರಡೂ 225/50 ಆರ್17 ಸಾರ್, ಆರಾಮಾಗಿ ಕೂರುತ್ತೆ.’ ನಾನು 250 ಯೂರೋ ಬೇಡ ಅಂದೆ.

ಅಕ್ಟೋಬರಿನಲ್ಲಿ ನೀವೇ ಫೋನ್ ಮಾಡಿದಿರಿ. ಹಳೇ ಗಾಡಿಯ ಚಕ್ರಗಳಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇಲ್ಲ, ಹೊಸದಕ್ಕೆ ಬೇಕೇ ಬೇಕು ಎಂದಿರಿ. ಆ ಮಾತು ನಿಜವೇ. ನನ್ನ ಹಳೇ ಗಾಡಿ ಚಕ್ರ ತಿರುಗುವ ವೇಗದಿಂದ ಗಾಳಿ ಇಳಿದಿದೆ ಅಂತ ಊಹಿಸುತ್ತಿತ್ತು. ಹೊಸದು ವಾಲ್ವಿನ ಜೊತೆ ಕೂರುವ ಸೆನ್ಸರ್‌ನಿಂದ ನೇರವಾಗಿ ಓದುತ್ತದೆ. ನಾಲ್ಕು ಸೆನ್ಸರಿಗೆ 200, ಟೈರು ಬಿಚ್ಚಿ ಹಾಕಿ ಬ್ಯಾಲೆನ್ಸ್ ಮಾಡಿದ್ದಕ್ಕೆ 80 ಯೂರೋ ಕೊಟ್ಟೆ. ನಾಲ್ಕೂ ರಿಮ್ಮನ್ನು ಮೇಜಿನ ಮೇಲಿಟ್ಟು ಕೆಲಸ ಮಾಡಿದ್ದೀರಿ. ಆಗಲೂ ಬೋಲ್ಟು ಹೋಗುವ ತೂತುಗಳ ಕಡೆ ಯಾರ ಕಣ್ಣೂ ಹೋಗಲಿಲ್ಲವಲ್ಲ, ಅದೇ ನನಗೆ ಅರ್ಥವಾಗದ್ದು.

ನವೆಂಬರ್ 18ಕ್ಕೆ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿದರು. ನಿಮ್ಮ ಹುಡುಗ ಮೊದಲ ಬೋಲ್ಟು ತಿರುಗಿಸಿದ, ಹೋಯಿತು. ಎರಡನೆಯದು ತೂತಿನ ಅಂಚಿಗೆ ತಾಗಿ ನಿಂತಿತು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಒಳಗೆ ಹೋಗಿ ಇನ್ನೊಬ್ಬರನ್ನು ಕರೆತಂದ. ಅವರೂ ನೋಡಿದರು.

ಎಫ್30ಕ್ಕೆ 5×120, ಜಿ20ಕ್ಕೆ 5×112. ಎರಡಕ್ಕೂ ಐದೇ ಬೋಲ್ಟು, ಆದರೆ ಬೋಲ್ಟು ಕೂರುವ ವೃತ್ತದ ಅಗಲ 8 ಮಿಲಿಮೀಟರ್ ಬೇರೆ. ನಡುವಿನ ದೊಡ್ಡ ತೂತು ಕೂಡ ಅಲ್ಲಿ 72.6, ಇಲ್ಲಿ 66.6. ಚಕ್ರಗಳನ್ನು ಮನೆಗೆ ತಂದು ಮಗಳ ಸ್ಕೂಲ್ ಸ್ಕೇಲಿನಲ್ಲೇ ಅಳೆದೆ. ಪಕ್ಕಪಕ್ಕದ ಎರಡು ತೂತುಗಳ ನಡುವೆ, ಮಧ್ಯದಿಂದ ಮಧ್ಯಕ್ಕೆ, 70 ಮಿಲಿಮೀಟರಿಗಿಂತ ಚೂರು ಜಾಸ್ತಿ. ಹೊಸ ಗಾಡಿಯಲ್ಲಿ 66ಕ್ಕಿಂತ ಚೂರು ಕಡಿಮೆ. ನಿಮ್ಮಲ್ಲಿ ಇದಕ್ಕಿಂತ ಒಳ್ಳೇ ಅಳತೆ ಸಾಮಾನು ಇದ್ದೇ ಇರುತ್ತದೆ, ಅಲ್ವಾ? 225/50 ಆರ್17 ಅನ್ನೋದು ರಬ್ಬರಿನ ಅಳತೆ. ಆ ರಿಮ್ಮು ಯಾವ ಗಾಡಿಯ ಹಬ್‌ಗೆ, ಅಂದರೆ ಚಕ್ರ ಬಿಗಿಯುವ ಗುಂಬಕ್ಕೆ, ಕೂರುತ್ತದೆ ಅಂತ ಅದು ಹೇಳುವುದಿಲ್ಲ. ಇದನ್ನು ಟೈರು ಅಂಗಡಿಯವರಿಗೆ ಗಿರಾಕಿ ಹೇಳಬೇಕೇ?

ಆಮೇಲೆ ಕೌಂಟರಿನಲ್ಲಿ ‘ಅಡಾಪ್ಟರ್ ಪ್ಲೇಟ್ ಹಾಕಿದರೆ ಆಗುತ್ತೆ’ ಎಂದರು. ಹಬ್‌ಗೂ ರಿಮ್ಮಿಗೂ ನಡುವೆ ಆ ಪ್ಲೇಟ್ ಹಾಕಿದರೆ ಚಕ್ರ ಅಷ್ಟು ಹೊರಚಾಚುತ್ತದೆ. ಆ ಪ್ಲೇಟಿಗೆ ಈ ಗಾಡಿಗೆ ಸಲ್ಲುವ ಒಪ್ಪಿಗೆ ಕಾಗದ ಇದೆಯಾ ಎಂದು ಕೇಳಿದೆ. ಉತ್ತರ ಬರಲಿಲ್ಲ. ಬಿಲ್ ಮಾತ್ರ ಬಂತು, ‘ಚಕ್ರ ಬದಲಾವಣೆ, 49 ಯೂರೋ’. ಯಾವ ಚಕ್ರ ಬದಲಾಯಿತು ಸ್ವಾಮಿ? ಬೇಸಿಗೆ ಟೈರಿನಲ್ಲೇ ಬಂದೆ, ಬೇಸಿಗೆ ಟೈರಿನಲ್ಲೇ ಹೋದೆ.

ಹಿಮ, ಐಸು ಇರುವ ರಸ್ತೆಯಲ್ಲಿ ಬೇಸಿಗೆ ಟೈರಿನಲ್ಲಿ ಸಿಕ್ಕಿಬಿದ್ದರೆ 60 ಯೂರೋ ದಂಡ, ಮೇಲೆ ಚಾಲಕನ ದಾಖಲೆಯಲ್ಲಿ ತಪ್ಪಿನ ಒಂದು ಪಾಯಿಂಟ್. ದಂಡದ್ದು ಇರಲಿ. 2023ರ ಡಿಸೆಂಬರ್ 2 ನಿಮಗೂ ನೆನಪಿರಬೇಕು, ಆವತ್ತು ಹಿಮಕ್ಕೆ ಇಲ್ಲಿನ ವಿಮಾನ ನಿಲ್ದಾಣವೇ ಮುಚ್ಚಿತ್ತು. ಈ ವಾರ ಬೆಳಗ್ಗೆ ಗಾಜಿನ ಮೇಲಿನ ಮಂಜು ಕೆರೆಯುವುದು ಶುರುವಾಗಿದೆ. ಗಾಡಿ ಮನೆಯಲ್ಲೇ ನಿಂತಿದೆ, ನಾನು ಎಸ್-ಬಾನ್ ಲೋಕಲ್ ರೈಲಿನಲ್ಲಿ ಓಡಾಡುತ್ತಿದ್ದೇನೆ. ನಿಮ್ಮಲ್ಲಿ ಮುಂದಿನ ಅಪಾಯಿಂಟ್‌ಮೆಂಟ್ ಇರುವುದು ಮೂರು ವಾರದ ನಂತರವಂತೆ.

ನಾನು ಕೇಳುತ್ತಿರುವುದು ಇಷ್ಟೇ. 49 ಯೂರೋ ವಾಪಸ್ ಕೊಡಿ. ಈ ಗಾಡಿಗೆ ಆಗುವ 5×112ರ ನಾಲ್ಕು ರಿಮ್ಮುಗಳನ್ನು ನಾನೇ ಕೊಂಡು ತರುತ್ತೇನೆ. ಟೈರುಗಳು 98ಎಚ್, ಒಂದೊಂದೂ 750 ಕಿಲೋ ಹೊರುವಂಥವು, ಹೊಸ ಗಾಡಿಗೆ ಸಾಕು. ಆ ಟೈರುಗಳನ್ನೂ ಸೆನ್ಸರ್‌ಗಳನ್ನೂ ಹೊಸ ರಿಮ್ಮಿಗೆ ಹಾಕಿ, ಬ್ಯಾಲೆನ್ಸ್ ಮಾಡಿ, ಗಾಡಿಗೆ ಕೂರಿಸಿ ಕೊಡಿ. ಈ ಕೂಲಿ ನಿಮ್ಮದು, ಯಾಕೆಂದರೆ 80 ಯೂರೋ ಒಂದು ಸಲ ಕೊಟ್ಟಾಗಿದೆ. ಡಿಸೆಂಬರ್ 5ರ ಒಳಗೆ ಆಗಬೇಕು. ಕೈಬಿಟ್ಟು ಹೋದ 250 ಯೂರೋ ನಾನು ಕೇಳುತ್ತಿಲ್ಲ, ಆದರೆ ಅದು ನಿಮ್ಮ ಒಂದು ಸಾಲಿನ ಮೆಸೇಜಿಗೆ ಹೋಯಿತು ಅನ್ನುವುದು ನಿಮಗೆ ಗೊತ್ತಿರಲಿ.

ರಿಮ್ಮು ಆರ್ಡರ್ ಮಾಡುವ ಮೊದಲು ಅದರ ಅಳತೆ, ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅಂತ ತೋರಿಸುವ ಇಟಿ ಸಂಖ್ಯೆ, ಎರಡನ್ನೂ ನಿಮಗೆ ಕಳಿಸುತ್ತೇನೆ. ಈ ಸಲ ಗಾಡಿಯ ಕಾಗದದ ಜೊತೆ ಇಟ್ಟು ನೋಡಿ, ಬರವಣಿಗೆಯಲ್ಲಿ ಉತ್ತರ ಕೊಡಿ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಸೆಪ್ಟೆಂಬರ್ 3ರ ಮೆಸೇಜಿನ ಪ್ರತಿ, ಎರಡು ಬಿಲ್‌ಗಳು, ಸ್ಕೇಲ್ ಇಟ್ಟು ತೆಗೆದ ಫೋಟೋ