ಲೆಕ್ಕದ ಪುಸ್ತಕ ಹೋದ್ರೆ ಫಾರ್ಮ್ಯಾಟ್ ಯಾಕೆ?

ಸಂಪಾದಕರಿಗೆ ನಮಸ್ಕಾರ,

ಲಿನಕ್ಸ್ ಕೈಕೊಟ್ರೆ ಎಲ್ರೂ ಹೇಳೋದು ಒಂದೇ, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕ್ಕೊಳ್ಳಿ ಅಂತ. ಎಲ್ಲಾ ಸಲ ಅದು ಬೇಕಿಲ್ಲ, ಅದಕ್ಕೇ ಈ ಪತ್ರ.

ಹೋದ ತಿಂಗಳು ನನ್ನ ಡಿಸ್ಕ್ ತುಂಬಿಹೋಗಿತ್ತು, ಜಾಗ ಮಾಡೋಣ ಅಂತ ರೂಟ್ (ಏನು ಬೇಕಾದ್ರೂ ಅಳಿಸೋ ಅಧಿಕಾರ ಇರೋ ಬಳಕೆದಾರ) ಆಗಿ ಫೋಲ್ಡರ್‌ಗಳನ್ನ ಅಳಿಸ್ತಾ ಕೂತಿದ್ದೆ, ಆ ಅವಸರದಲ್ಲಿ /ವಾರ್/ಲಿಬ್ ಒಳಗಿದ್ದ, ಹಾಕಿರೋ ಸಾಫ್ಟ್‌ವೇರ್‌ಗಳ ಲೆಕ್ಕ ಇಡೋ ಡಿಪಿಕೆಜಿ ಅನ್ನೋ ಪ್ರೋಗ್ರಾಮಿನ ಫೋಲ್ಡರ್ ಕೂಡ ಹೋಯ್ತು. ಬ್ರೌಸರ್ ಓಡ್ತಾ ಇದೆ, ಫೈಲ್‌ಗಳೆಲ್ಲಾ ಹಾಗೇ ಇವೆ, ಆದ್ರೆ ಸಾಫ್ಟ್‌ವೇರ್ ಹಾಕೋ, ತೆಗೆಯೋ ಆಪ್ಟ್ ಮಾತ್ರ ಸ್ಟೇಟಸ್ ಫೈಲ್ ಸಿಗ್ತಿಲ್ಲ ಅಂತ ಎರರ್ ಕೊಟ್ಟು ನಿಂತುಬಿಡ್ತು. ಡೆಬಿಯನ್, ಉಬುಂಟು ಅನ್ನೋ ಎರಡು ಬಗೆಯ ಲಿನಕ್ಸಲ್ಲೂ ಯಾವ ಪ್ಯಾಕೇಜ್ (ಸಾಫ್ಟ್‌ವೇರ್ ಕಟ್ಟು) ಇದೆ, ಯಾವ ವರ್ಷನ್ ಅನ್ನೋ ಲೆಕ್ಕವೆಲ್ಲಾ ಇರೋದು ಆ ಒಂದು ಫೈಲಲ್ಲೇ. ಹೋಗಿದ್ದು ಲೆಕ್ಕ, ಸಾಮಾನಲ್ಲ.

ಒಬ್ರು ಖಾಲಿ ಸ್ಟೇಟಸ್ ಫೈಲ್ ಮಾಡಿ ಮುಂದಕ್ಕೆ ಹೋಗು ಅಂದ್ರು. ದಯವಿಟ್ಟು ಯಾರೂ ಅಷ್ಟಕ್ಕೇ ನಿಲ್ಲಿಸ್ಬೇಡಿ, ಆಗ ಎರರ್ ನಿಲ್ಲುತ್ತೆ ನಿಜ, ಆದ್ರೆ ಮಷೀನಲ್ಲಿ ಏನೂ ಇಲ್ಲ ಅಂತ ಆಪ್ಟ್ ನಂಬ್ಕೊಂಡು ಒಂದು ಚಿಕ್ಕ ಪ್ಯಾಕೇಜ್ ಕೇಳಿದ್ರೂ ಅದಕ್ಕೆ ಬೇಕಾದ್ದನ್ನೆಲ್ಲಾ ಮತ್ತೆ ಹಾಕೋಕೆ ಹೊರಡುತ್ತೆ.

ನನ್ನನ್ನ ಉಳಿಸಿದ್ದು /ವಾರ್/ಬ್ಯಾಕಪ್ಸ್. ಸ್ಟೇಟಸ್ ಫೈಲ್ ಬದಲಾದಾಗ ಸಿಸ್ಟಮ್ ತಾನಾಗೇ ದಿನಕ್ಕೊಂದರ ಲೆಕ್ಕದಲ್ಲಿ ಅದರ ನಕಲು ಅಲ್ಲಿ ಇಟ್ಟಿರುತ್ತೆ, ತೀರಾ ಹೊಸದಕ್ಕೆ ಡಿಪಿಕೆಜಿ.ಸ್ಟೇಟಸ್.0 ಅಂತ ಹೆಸರು, ಹಳೇವು ಕಂಪ್ರೆಸ್ ಆಗಿರ್ತವೆ. ಆ ತೀರಾ ಹೊಸದನ್ನ ಕಾಪಿ ಮಾಡಿ ಸ್ಟೇಟಸ್ ಅಂತ ಹೆಸರಿಟ್ಟು ಹಳೇ ಜಾಗಕ್ಕೆ ಹಾಕಿದೆ, ಇನ್ಫೋ, ಅಪ್‌ಡೇಟ್ಸ್, ಟ್ರಿಗರ್ಸ್ ಅಂತ ಮೂರು ಖಾಲಿ ಫೋಲ್ಡರ್ ಮಾಡಿದೆ. ಆಪ್ಟ್ ಮಾತಾಡ್ತು! ಆದ್ರೆ ಯಾವ ಪ್ಯಾಕೇಜಿಗೆ ಯಾವ ಫೈಲ್ ಸೇರಿದ್ದು ಅನ್ನೋ ಪಟ್ಟಿ ಇನ್ಫೋ ಫೋಲ್ಡರಲ್ಲಿತ್ತು, ಅದರ ನಕಲು ಬ್ಯಾಕಪಲ್ಲಿ ಬರಲ್ಲ, ಹಾಗಾಗಿ ಪ್ರತಿ ಪ್ಯಾಕೇಜಿಗೂ ಒಂದೊಂದು ವಾರ್ನಿಂಗ್. ಎಲ್ಲವನ್ನೂ ರೀಇನ್‌ಸ್ಟಾಲ್ ಆಪ್ಷನ್ ಕೊಟ್ಟು ಮತ್ತೆ ಹಾಕಿಸ್ದೆ, ಒಂದು ರಾತ್ರಿ ಹಿಡೀತು, ಆದ್ರೆ ನನ್ನ ಸೆಟ್ಟಿಂಗ್ ಒಂದೂ ಕಳೀಲಿಲ್ಲ.

ಬ್ಯಾಕಪ್ಪೂ ಇಲ್ಲದಿದ್ರೆ /ಯುಎಸ್‌ಆರ್/ಶೇರ್/ಡಾಕ್ ನೋಡಿ, ಹೆಚ್ಚುಕಮ್ಮಿ ಪ್ರತಿ ಪ್ಯಾಕೇಜ್ ಹೆಸರಲ್ಲೂ ಅಲ್ಲಿ ಒಂದು ಫೋಲ್ಡರ್ ಇರುತ್ತೆ. ಡಿಪಿಕೆಜಿ ತಾನು ಮಾಡಿದ್ದನ್ನೆಲ್ಲಾ ಬರೆದಿಡೋ ಲಾಗಲ್ಲಿ ವರ್ಷನ್ನೂ ಸಿಗುತ್ತೆ. ಫೆಡೋರಾ ಅನ್ನೋ ಇನ್ನೊಂದು ಲಿನಕ್ಸ್ ಕಡೆಯವರಿಗೆ ಈ ಲೆಕ್ಕವನ್ನ ಮತ್ತೆ ಕಟ್ಟೋ ಆರ್‌ಪಿಎಮ್ ರೀಬಿಲ್ಡ್‌ಡಿಬಿ ಅನ್ನೋ ಕಮಾಂಡ್ ಇದೆ, ಆದ್ರೆ ಡೇಟಾಬೇಸ್ ಫೈಲೇ ಅಳಿಸಿಹೋಗಿದ್ರೆ ಅದು ಏನೂ ಮಾಡಕ್ಕಾಗಲ್ಲ.

ಆ ಬ್ಯಾಕಪ್ ಇರೋದೂ ಅದೇ ಡಿಸ್ಕಲ್ಲಿ, ಡಿಸ್ಕೇ ಹೋದ್ರೆ ಎರಡೂ ಒಟ್ಟಿಗೇ ಹೋಗ್ತವೆ. ನಾನೀಗ ವಾರಕ್ಕೊಂದ್ಸಲ ಡಿಪಿಕೆಜಿಯ ಗೆಟ್ ಸೆಲೆಕ್ಷನ್ಸ್ ಆಪ್ಷನ್ ಕೊಡೋ ಪ್ಯಾಕೇಜ್ ಪಟ್ಟಿಯನ್ನ, ಜೊತೆಗೆ ಇಡೀ ಡಿಪಿಕೆಜಿ ಫೋಲ್ಡರನ್ನ ಪೆನ್‌ಡ್ರೈವಿಗೆ ಹಾಕಿಡ್ತೀನಿ. ನಿಮ್ಮ ಕಂಪ್ಯೂಟರ್ ಅಂಕಣದಲ್ಲಿ ಫಾರ್ಮ್ಯಾಟ್ ಮಾಡಿ ಅಂತ ಬರೆಯೋಕೆ ಮುಂಚೆ /ವಾರ್/ಬ್ಯಾಕಪ್ಸ್ ಒಮ್ಮೆ ನೋಡಿ ಅಂತ ಒಂದು ಸಾಲು ಸೇರಿಸ್ತೀರಾ?

ಇಂತಿ,
ನಿಮ್ಮ ಓದುಗ